ಸೋದರಮಾವನೇ ಗಂಡನಾದ ಅರಮನೆ: ಸ್ಪೇನಿನ ಹ್ಯಾಬ್ಸ್‌ಬರ್ಗ್ ವಂಶ ಮತ್ತು ರಕ್ತಸಂಬಂಧದ ಲೆಕ್ಕ

ವಿಯೆನ್ನಾದ ಕಲಾ ಇತಿಹಾಸ ವಸ್ತುಸಂಗ್ರಹಾಲಯದಲ್ಲಿ, ಸ್ಪೇನಿನ ಆಸ್ಥಾನ ಚಿತ್ರಕಾರ ವೆಲಾಸ್ಕೆಸ್ 1659ರಲ್ಲಿ ಬರೆದ ಒಂದು ಮಗುವಿನ ಚಿತ್ರವಿದೆ. ಸುಮಾರು ಎರಡು ವರ್ಷದ ರಾಜಕುಮಾರ ಫಿಲಿಪ್ ಪ್ರೊಸ್ಪೆರೊ ಒಂದು ಕೈಯನ್ನು ಕುರ್ಚಿಯ ಮೇಲೆ ಊರಿ, ಬಿಳಿಚಿದ ಮುಖದಿಂದ ನಮ್ಮತ್ತ ನೋಡುತ್ತಾನೆ. ದೃಷ್ಟಿ ತಾಗದಿರಲಿ, ಕಾಯಿಲೆ ಹತ್ತಿರ ಸುಳಿಯದಿರಲಿ ಎಂದು ಕಟ್ಟಿದ ತಾಯಿತಗಳೂ ಪುಟ್ಟ ಗಂಟೆಗಳೂ ಅವನ ಉಡುಪಿನ ಮೇಲೆ ತೂಗುತ್ತಿವೆ. ಅವು ಅವನನ್ನು ಕಾಯಲಿಲ್ಲ. 1661ರ ನವೆಂಬರ್ 1ರಂದು, ನಾಲ್ಕು ವರ್ಷ ತುಂಬುವ ಮೊದಲೇ, ಅವನು ತೀರಿಕೊಂಡ. ಐದು ದಿನಗಳ ನಂತರ ಅವನ ತಮ್ಮ ಹುಟ್ಟಿದ. ಸ್ಪೇನಿನ ಹ್ಯಾಬ್ಸ್‌ಬರ್ಗ್ ದೊರೆಗಳಲ್ಲಿ ಕೊನೆಯವನಾದ ಎರಡನೆಯ ಕಾರ್ಲೋಸ್ ಅವನೇ.

ಈ ಮಕ್ಕಳ ತಂದೆ ನಾಲ್ಕನೆಯ ಫಿಲಿಪ್. ತಾಯಿ ಆಸ್ಟ್ರಿಯಾದ ಮಾರಿಯಾನಾ. ಅವಳು ಬೇರೆ ಯಾರೂ ಅಲ್ಲ, ಫಿಲಿಪನ ಸ್ವಂತ ತಂಗಿಯ ಮಗಳು. ಮೊದಲು ಅವಳನ್ನು ನಿಶ್ಚಯಿಸಿದ್ದು ಫಿಲಿಪನ ಮಗ ಬಾಲ್ಟಾಸಾರ್ ಕಾರ್ಲೋಸನಿಗೆ. ಆ ಹುಡುಗ 1646ರಲ್ಲಿ, ಹದಿನೇಳು ತುಂಬುವ ಮೊದಲೇ ಸತ್ತದ್ದರಿಂದ, ಉತ್ತರಾಧಿಕಾರಿಯಿಲ್ಲದೆ ಉಳಿದ ವಿಧುರ ದೊರೆ 1649ರಲ್ಲಿ ತಾನೇ ಅವಳ ಕೈಹಿಡಿದ. ಅವನಿಗೆ ನಲವತ್ತನಾಲ್ಕು, ಅವಳಿಗೆ ಹದಿನಾಲ್ಕು. ಇದು ಆ ಮನೆತನದಲ್ಲಿ ನಡೆದ ಮೊದಲ ಇಂಥ ಮದುವೆಯೂ ಅಲ್ಲ. ಅವನ ಅಜ್ಜ ಎರಡನೆಯ ಫಿಲಿಪ್ 1570ರಲ್ಲಿ ತನ್ನ ತಂಗಿಯ ಮಗಳು ಆನಾಳನ್ನು ವರಿಸಿದ್ದ. ಮರುವರ್ಷ ನಾಲ್ಕನೆಯ ಫಿಲಿಪನ ತಾಯಿಯ ತಂದೆ, ಸ್ಟೈರಿಯಾದ ಕಾರ್ಲ್, ತನ್ನ ಅಕ್ಕನ ಮಗಳನ್ನು ಮದುವೆಯಾಗಿದ್ದ. ಅಂದರೆ ನಾಲ್ಕನೆಯ ಫಿಲಿಪನ ಅಜ್ಜ-ಅಜ್ಜಿಯರ ಎರಡೂ ಜೋಡಿಗಳು ಸೋದರಮಾವ ಮತ್ತು ಸೋದರಿಯ ಮಗಳ ಜೋಡಿಗಳೇ.

ಇದರ ಹಿಂದಿದ್ದ ಲೆಕ್ಕಾಚಾರ ಸರಳ. ಹ್ಯಾಬ್ಸ್‌ಬರ್ಗರು ಅರ್ಧ ಯುರೋಪನ್ನು ಗಳಿಸಿದ್ದು ಮದುವೆಗಳಿಂದಲೇ: 1477ರಲ್ಲಿ ಮ್ಯಾಕ್ಸಿಮಿಲಿಯನ್ ಬರ್ಗಂಡಿಯ ಉತ್ತರಾಧಿಕಾರಿಣಿಯನ್ನು, 1496ರಲ್ಲಿ ಅವನ ಮಗ ಫಿಲಿಪ್ ಕ್ಯಾಸ್ಟೀಲಿನ ರಾಜಕುಮಾರಿ ಹುವಾನಾಳನ್ನು ವರಿಸಿದರು. ಹೆಣ್ಣಿನ ಜೊತೆ ನಾಡು ಬರುತ್ತದೆ ಎಂದು ಕಂಡವರಿಗೆ, ಹೆಣ್ಣಿನ ಜೊತೆ ನಾಡು ಹೋಗಲೂಬಹುದು ಎಂಬುದು ಚೆನ್ನಾಗಿ ತಿಳಿದಿತ್ತು. ಆದ್ದರಿಂದ ವಂಶವು ಸ್ಪೇನ್ ಮತ್ತು ಆಸ್ಟ್ರಿಯಾ ಎಂಬ ಎರಡು ಕವಲಾದ ಮೇಲೆ, ಮನೆಯ ಆಸ್ತಿ ಮನೆಯಲ್ಲೇ ಉಳಿಯಲಿ ಎಂದು, ಆ ಕವಲಿನ ಹೆಣ್ಣನ್ನು ಈ ಕವಲಿಗೂ ಈ ಕವಲಿನ ಹೆಣ್ಣನ್ನು ಆ ಕವಲಿಗೂ ತಂದುಕೊಳ್ಳತೊಡಗಿದರು. ಹತ್ತಿರದ ಸಂಬಂಧದಲ್ಲಿ ಮದುವೆಯನ್ನು ಚರ್ಚು ನಿಷೇಧಿಸಿದ್ದರೂ ಪೋಪರಿಂದ ವಿಶೇಷ ಅನುಮತಿ ದೊರೆಯುತ್ತಿತ್ತು.

ಈಗ ದೇಹದ ಲೆಕ್ಕಕ್ಕೆ ಬರೋಣ. ನಮ್ಮ ಪ್ರತಿಯೊಂದು ವಂಶವಾಹಿಗೂ ಸಾಮಾನ್ಯವಾಗಿ ಎರಡು ಪ್ರತಿಗಳಿರುತ್ತವೆ, ತಾಯಿಯದೊಂದು, ತಂದೆಯದೊಂದು. ಒಂದು ಕೆಟ್ಟಿದ್ದರೂ ಇನ್ನೊಂದು ಕೆಲಸ ನಡೆಸಿದರೆ, ದೋಷವು ತಲೆಮಾರುಗಳವರೆಗೆ ಯಾರಿಗೂ ಕಾಣದಂತೆ ಅಡಗಿ ಸಾಗಬಲ್ಲದು. ಆದರೆ ತಂದೆ ತಾಯಿ ಇಬ್ಬರೂ ಒಬ್ಬನೇ ಪೂರ್ವಜನಿಂದ ಬಂದವರಾದರೆ, ಅದೇ ಕೆಟ್ಟ ಪ್ರತಿ ಎರಡೂ ಕಡೆಯಿಂದ ಮಗುವನ್ನು ಸೇರುವ ಸಾಧ್ಯತೆ ಏರುತ್ತದೆ. ಈ ಸಾಧ್ಯತೆಯ ಅಳತೆಗೆ ತಳಿವಿಜ್ಞಾನದಲ್ಲಿ ಅಂತಃಪ್ರಜನನ ಗುಣಾಂಕ ಎಂದು ಹೆಸರು. ಅತ್ತೆಯ ಅಥವಾ ಮಾವನ ಮಕ್ಕಳ ನಡುವಿನ ಮದುವೆಯಲ್ಲಿ ಹುಟ್ಟುವ ಮಗುವಿಗೆ ಅದು 0.0625; ಸೋದರಮಾವನ ಮದುವೆಯಲ್ಲಿ 0.125, ಒಡಹುಟ್ಟಿದವರ ಮಗುವಿಗೆ 0.25.

ಹಾಗಾದರೆ ಕಾರ್ಲೋಸನ ಗುಣಾಂಕ 0.125 ಇರಬೇಕಿತ್ತು. ಸ್ಪೇನಿನ ಸಂತಿಯಾಗೋ ದೆ ಕಾಂಪೊಸ್ತೇಲಾ ವಿಶ್ವವಿದ್ಯಾಲಯದ ಗೊನ್ಸಾಲೊ ಆಲ್ವಾರೆಸ್ ಮತ್ತು ಸಂಗಡಿಗರು, ಹದಿನಾರು ತಲೆಮಾರುಗಳಲ್ಲಿ ಹರಡಿದ 3,000ಕ್ಕೂ ಹೆಚ್ಚು ಬಂಧುಗಳ ವಂಶಾವಳಿಯನ್ನು ಹಿಡಿದು ಎಣಿಸಿ, 2009ರಲ್ಲಿ ಪ್ರಕಟಿಸಿದ ಉತ್ತರ 0.254. ಒಡಹುಟ್ಟಿದವರಿಬ್ಬರ ಮಗುವಿಗಿಂತಲೂ ತುಸು ಹೆಚ್ಚು! ಹಳೆಯ ಮದುವೆಗಳ ಭಾರ ಇಳಿಯದೆ ಒಂದರ ಮೇಲೊಂದು ಪೇರಿಕೊಂಡದ್ದೇ ಇದಕ್ಕೆ ಕಾರಣ. ಕಾರ್ಲೋಸನ ವಂಶವೃಕ್ಷದಲ್ಲಿ ಮೂರನೆಯ ಫಿಲಿಪ್ ಮತ್ತು ಮಾರ್ಗರೀಟಾ ದಂಪತಿ ತಂದೆಯ ಕಡೆಯಿಂದ ಅಜ್ಜ-ಅಜ್ಜಿ, ತಾಯಿಯ ಕಡೆಯಿಂದ ಮುತ್ತಜ್ಜ-ಮುತ್ತಜ್ಜಿ. ಅವನ ಎಂಟು ಮಂದಿ ಮುತ್ತಜ್ಜ-ಮುತ್ತಜ್ಜಿಯರಲ್ಲಿ ಒಬ್ಬರೂ ಬಿಡದಂತೆ ಎಲ್ಲರೂ ಆ ಹುವಾನಾ ಮತ್ತು ಫಿಲಿಪರ ಸಂತತಿಯವರು. ಕೊಂಬೆಗಳು ಹರಡಬೇಕಾದ ಮರ ಮತ್ತೆ ಮತ್ತೆ ತನ್ನ ಬುಡಕ್ಕೇ ಬಾಗಿತ್ತು.

ಕನ್ನಡದ ಓದುಗರಿಗೆ ಸೋದರಮಾವನ ಮದುವೆ ಅಪರಿಚಿತವಲ್ಲ. ನಮ್ಮ ಹಲವು ಸಮುದಾಯಗಳಲ್ಲಿ ಅಕ್ಕನ ಮಗಳನ್ನು ತಂದುಕೊಳ್ಳುವ ರೂಢಿ ಇಂದಿಗೂ ಇದೆ. ಆದ್ದರಿಂದ ಈ ವ್ಯತ್ಯಾಸವನ್ನು ಒತ್ತಿ ಹೇಳಬೇಕೆನಿಸುತ್ತದೆ. ಅಂಥ ಒಂದು ಮದುವೆಯಿಂದ ಬರುವುದು 0.125, ಅದೂ ಕಡೆಗಣಿಸುವ ಸಂಖ್ಯೆಯಲ್ಲ. ಆದರೆ ಅವೇ ಎರಡು ಮನೆಗಳ ನಡುವೆ ತಲೆಮಾರು ತಲೆಮಾರಿಗೂ ಕೊಟ್ಟು ತರುವುದು ನಡೆದರೆ, ದಂಪತಿಯ ಸಂಬಂಧವನ್ನಷ್ಟೇ ನೋಡಿ ಹಾಕಿದ ಲೆಕ್ಕ ನಿಜವಾದ ಅಪಾಯಕ್ಕಿಂತ ಬಹಳ ಕಡಿಮೆಯಾಗುತ್ತದೆ. ಆಪ್ತಸಲಹೆ ನೀಡುವ ವೈದ್ಯರು ಅಜ್ಜ-ಅಜ್ಜಿಯರ ನೆಂಟಸ್ತಿಕೆಯನ್ನೂ ಕೆದಕಿ ಕೇಳುವುದು ಇದಕ್ಕಾಗಿಯೇ.

ಅರಮನೆಯ ತೊಟ್ಟಿಲುಗಳು ಏನು ಹೇಳುತ್ತವೆ? ಅದೇ ಅಧ್ಯಯನದ ಪ್ರಕಾರ 1527ರಿಂದ 1661ರವರೆಗೆ ಈ ಕುಟುಂಬದಲ್ಲಿ ಹುಟ್ಟಿದ 34 ಮಕ್ಕಳಲ್ಲಿ 10 ಮಕ್ಕಳು ವರ್ಷ ತುಂಬುವ ಮೊದಲೇ, ಒಟ್ಟು 17 ಮಕ್ಕಳು ಹತ್ತು ವರ್ಷದೊಳಗೆ ಸತ್ತರು. ಆ ಕಾಲದಲ್ಲಿ ಎಲ್ಲೆಡೆ ಶಿಶುಮರಣ ಹೆಚ್ಚೇ ಇತ್ತು, ನಿಜ. ಆದರೆ ಸ್ಪೇನಿನ ಹಳ್ಳಿಗಳಲ್ಲಿ ಐದರಲ್ಲಿ ಒಂದು ಶಿಶು ಸಾಯುತ್ತಿದ್ದಾಗ, ಅನ್ನಕ್ಕೂ ಆರೈಕೆಗೂ ಕೊರತೆಯಿಲ್ಲದ ಅರಮನೆಯಲ್ಲಿ ಹತ್ತರಲ್ಲಿ ಮೂರು ಸತ್ತದ್ದನ್ನು ಬಡತನದಿಂದ ವಿವರಿಸಲಾಗದು.

ಬದುಕುಳಿದ ಕಾರ್ಲೋಸನ ಬಾಳು ಕರುಳು ಹಿಂಡುವಂಥದು. ನಾಲ್ಕು ವರ್ಷದವರೆಗೆ ಮಾತಿಲ್ಲ, ಎಂಟರವರೆಗೆ ಸರಿಯಾದ ನಡಿಗೆಯಿಲ್ಲ. ಮುಂಚಾಚಿದ ಕೆಳದವಡೆಯಿಂದ ಆಹಾರ ಅಗಿಯುವುದೇ ಕಷ್ಟ. ಎರಡು ಮದುವೆಯಾದರೂ ಮಕ್ಕಳಾಗಲಿಲ್ಲ. ಜನ ಅವನನ್ನು ಮಾಟಕ್ಕೆ ಸಿಕ್ಕ ದೊರೆ ಎಂದೇ ಕರೆದರು. ಭೂತ ಬಿಡಿಸುವ ವಿಧಿಗಳೂ ನಡೆದವು. ಪಿಟ್ಯುಟರಿ ಗ್ರಂಥಿಯ ಹಾರ್ಮೋನುಗಳ ಕೊರತೆ ಮತ್ತು ಮೂತ್ರಪಿಂಡದ ಒಂದು ಆನುವಂಶಿಕ ರೋಗ ಎರಡೂ ಸೇರಿದರೆ ಅವನ ಬಹುತೇಕ ಲಕ್ಷಣಗಳನ್ನು ವಿವರಿಸಬಹುದು ಎಂಬುದು ಆಲ್ವಾರೆಸ್ ತಂಡದ ಊಹೆ. ಅದು ಹಳೆಯ ದಾಖಲೆಗಳನ್ನು ಓದಿ ಮಾಡಿದ ಊಹೆಯೇ ಹೊರತು ಡಿಎನ್‌ಎ ಪರೀಕ್ಷೆಯ ಫಲವಲ್ಲ. ದವಡೆಯ ವಿಷಯದಲ್ಲಿ ಆಧಾರ ಇನ್ನಷ್ಟು ಗಟ್ಟಿ: 2019ರ ಅಧ್ಯಯನವೊಂದರಲ್ಲಿ ಹತ್ತು ಮಂದಿ ಶಸ್ತ್ರವೈದ್ಯರು ಈ ವಂಶದ 66 ಭಾವಚಿತ್ರಗಳನ್ನು ಪರೀಕ್ಷಿಸಿದಾಗ, ಗುಣಾಂಕ ಹೆಚ್ಚಿದಷ್ಟೂ ದವಡೆ ಮುಂಚಾಚಿರುವುದು ಕಂಡಿತು.

ಆದರೂ ಗುಣಾಂಕವೆಂದರೆ ಹಣೆಬರಹವಲ್ಲ. ಕಾರ್ಲೋಸನ ಅಕ್ಕ ಮಾರ್ಗರೀಟಾಳ ತಂದೆ ತಾಯಿಯರೂ ಅವರೇ, ಗುಣಾಂಕವೂ ಅದೇ 0.254, ಆದರೆ ತಮ್ಮನ ಯಾವ ನರಳಿಕೆಯೂ ಅವಳಿಗಿರಲಿಲ್ಲ. ಅವಳನ್ನು 1666ರಲ್ಲಿ ವಿಯೆನ್ನಾಕ್ಕೆ ಕಳುಹಿಸಿ, ತಾಯಿಯ ತಮ್ಮ ಲಿಯೊಪೋಲ್ಡ್ ಚಕ್ರವರ್ತಿಗೆ ಕೊಟ್ಟರು. ಮದುವೆಯಾದ ಮೇಲೂ ಅವಳು ಗಂಡನನ್ನು ಮಾವ ಎಂದೇ ಕರೆಯುತ್ತಿದ್ದಳಂತೆ. ಹೆತ್ತ ನಾಲ್ಕು ಮಕ್ಕಳಲ್ಲಿ ಉಳಿದದ್ದು ಒಬ್ಬಳೇ ಮಗಳು. ಅವಳ ಗುಣಾಂಕ ತಾಯಿಯದಕ್ಕಿಂತಲೂ ಹೆಚ್ಚು. ಇಪ್ಪತ್ತೊಂದು ವರ್ಷದ ಮಾರ್ಗರೀಟಾ 1673ರಲ್ಲಿ ತೀರಿಕೊಂಡಳು. ಆ ಮಗಳ ಮಗ ಜೋಸೆಫ್ ಫರ್ಡಿನಾಂಡನನ್ನು ಕಾರ್ಲೋಸ್ ತನ್ನ ಉತ್ತರಾಧಿಕಾರಿಯೆಂದು ಹೆಸರಿಸಿದ; ಆರು ವರ್ಷದ ಆ ಹುಡುಗನೂ 1699ರಲ್ಲಿ ಸತ್ತ. ಮರುವರ್ಷ ನವೆಂಬರ್ 1ರಂದು ಕಾರ್ಲೋಸ್ ಕಣ್ಣುಮುಚ್ಚಿದ. ಸ್ಪೇನಿನ ಸಿಂಹಾಸನಕ್ಕಾಗಿ 1701ರಲ್ಲಿ ಆರಂಭವಾದ ಯುದ್ಧ 1714ರವರೆಗೆ ನಡೆದು, ವಂಶವು ಬಿಗಿಹಿಡಿದಿದ್ದ ಸ್ಪೇನು ಕೊನೆಗೆ ಫ್ರಾನ್ಸಿನ ಬೂರ್ಬನ್ ಮನೆತನದ ಪಾಲಾಯಿತು.

ಪ್ರೊಸ್ಪೆರೊನ ಚಿತ್ರವಿರುವ ಅದೇ ವಸ್ತುಸಂಗ್ರಹಾಲಯದಲ್ಲಿ, ಅದೇ 1659ರಲ್ಲಿ ವೆಲಾಸ್ಕೆಸ್ ಬರೆದ ಮಾರ್ಗರೀಟಾಳ ಚಿತ್ರವೂ ಇದೆ. ನೀಲಿ ರೇಷ್ಮೆಯ ಅಗಲವಾದ ಉಡುಪು ತೊಟ್ಟ ಎಂಟು ವರ್ಷದ ಹುಡುಗಿಯ ಆ ಚಿತ್ರವನ್ನು ವಿಯೆನ್ನಾಕ್ಕೆ ಕಳುಹಿಸಿದ್ದು, ಅವಳು ಹೇಗೆ ಬೆಳೆಯುತ್ತಿದ್ದಾಳೆಂದು ಮಾವನಿಗೆ ತೋರಿಸಲು.