ಉಲಿಯಕ್ಕಿಯ ಪಟ ಕಳುಹಿಸುವವರಿಗೆ

ಅಕ್ಟೋಬರ್ ಬಂತೆಂದರೆ ನನ್ನ ಮೊಬೈಲಿಗೆ ಎಲೆಗಳ ಪಟಗಳು ಬರತೊಡಗುತ್ತವೆ. ದಿಟ್ಟಿಸಿ ನೋಡಿದರೆ ಆ ಎಲೆಗಳ ನಡುವೆ ಬೂದು ಮಿಶ್ರಿತ ಹಸಿರು ಬಣ್ಣದ ಹಕ್ಕಿಯೊಂದರ ಬೆನ್ನೋ, ಬಾಲವೋ, ಅರ್ಧ ಕಣ್ಣೋ ಕಾಣುತ್ತದೆ; ಜೊತೆಗೆ, "ಸರ್, ಇದು ಯಾವ ವಾರ್ಬ್ಲರ್?" ಎಂಬ ಪ್ರಶ್ನೆ. ವಾರ್ಬ್ಲರ್ ಎಂದರೆ ಉಲಿಯಕ್ಕಿ, ಹುಳು ತಿನ್ನುವ ಪುಟ್ಟ ಹಕ್ಕಿ. ಕಳುಹಿಸಿದವರು ಮರದಡಿ ಒಂದು ಗಂಟೆ ಕತ್ತು ನೋಯಿಸಿಕೊಂಡು ನಿಂತಿದ್ದರೆಂದು ಬಲ್ಲೆ. ಆದರೆ ಆ ಒಂದು ಗಂಟೆಯಲ್ಲಿ ಹಕ್ಕಿ ಹೇಗೆ ಕೂಗಿತು ಎಂದು ಮರಳಿ ಕೇಳಿದರೆ, ಹೆಚ್ಚಿನವರು ಅದನ್ನು ಗಮನಿಸಿಯೇ ಇರುವುದಿಲ್ಲ.

ಪಶ್ಚಿಮ ಘಟ್ಟದ ಕಾಡುಗಳಲ್ಲೂ ಕಾಫಿ ತೋಟಗಳಲ್ಲೂ ಚಳಿಗಾಲ ಕಳೆಯುವ ಎಲೆ ಉಲಿಯಕ್ಕಿಗಳಲ್ಲಿ ನೆತ್ತಿಯ ನಡುವೆ ತಿಳಿ ಗೆರೆಯಿರುವ ವೆಸ್ಟರ್ನ್ ಕ್ರೌನ್ಡ್ ವಾರ್ಬ್ಲರ್ ಗುರುತಿಸುವಾಗ ಅಷ್ಟೇನೂ ಕಾಡುವುದಿಲ್ಲ. ಕಾಡುವುದು ಗ್ರೀನಿಶ್ ವಾರ್ಬ್ಲರ್ ಮತ್ತು ಲಾರ್ಜ್ ಬಿಲ್ಡ್ ಲೀಫ್ ವಾರ್ಬ್ಲರ್ ಎಂಬ ಜೋಡಿ. ಪ್ರಶ್ನೆ ಕೇಳುವವರೆಲ್ಲ ರೆಕ್ಕೆಯ ಮೇಲಿನ ತಿಳಿ ಪಟ್ಟಿಯನ್ನೇ ಹಿಡಿದುಕೊಂಡಿರುತ್ತಾರೆ. ಆ ಪಟ್ಟಿ ಗರಿಗಳ ತುದಿಯ ಬಣ್ಣವಷ್ಟೇ. ಇಡೀ ದಿನ ಎಲೆಗಳ ನಡುವೆ ನುಸುಳುವ ಹಕ್ಕಿಯ ಗರಿಯ ತುದಿ ಸವೆದಂತೆ ಪಟ್ಟಿಯೂ ಮಾಸಿ, ಕೆಲವೊಮ್ಮೆ ಪೂರ್ತಿ ಅಳಿಸಿಹೋಗುತ್ತದೆ. ಗ್ರೀನಿಶ್‌ನ ಕೆಳಕೊಕ್ಕು ಬಹುಪಾಲು ತಿಳಿಬಣ್ಣದ್ದು, ಲಾರ್ಜ್ ಬಿಲ್ಡ್‌ನದು ಬುಡದಲ್ಲಿ ಮಾತ್ರ ತಿಳಿಯಾಗಿದ್ದು ಮುಂದೆ ಕಪ್ಪಾಗಿರುತ್ತದೆ ಎಂಬುದು ನಿಜ. ಆದರೆ 8 ಗ್ರಾಂ ಆಸುಪಾಸು ತೂಗುವ ಜೀವಿಯ ಕೆಳಕೊಕ್ಕನ್ನು ನಲವತ್ತು ಅಡಿ ಕೆಳಗಿನಿಂದ, ಹಸಿರು ನೆರಳಿನಲ್ಲಿ ನೋಡಿ ಆಣೆ ಮಾಡಿ ಹೇಳುವ ಧೈರ್ಯ ನನಗಿಲ್ಲ.

ಅದೇ ಹಕ್ಕಿ ಬಾಯಿ ತೆರೆದರೆ ಮಾತು ಅಲ್ಲಿಗೆ ಮುಗಿಯಿತು. ಗ್ರೀನಿಶ್‌ನದು "ಚಿಸ್ಲೀ" ಎಂಬ ಚುರುಕಾದ, ತುಸು ಒರಟಾದ ಕೂಗು. ಲಾರ್ಜ್ ಬಿಲ್ಡ್‌ನದು "ದಿರ್‌-ಟೀ" ಎಂದು ಎರಡನೆಯ ಸ್ವರದಲ್ಲಿ ಮೇಲೇರುವ, ಮನುಷ್ಯರ ಶಿಳ್ಳೆಯಷ್ಟು ಸ್ಪಷ್ಟವಾದ ದನಿ. ಸಕಲೇಶಪುರದ ಕಡೆಯ ಹಿರಿಯ ಬೆಳೆಗಾರರೊಬ್ಬರಿಗೆ ಮರದ ನೆತ್ತಿಯಲ್ಲಿದ್ದ ಈ ಹಕ್ಕಿಯನ್ನು ತೋರಿಸಿದಾಗ, "ಅಯ್ಯೋ, ಇದಾ! ತೋಟದ ಆಳುಗಳು ಒಬ್ಬರನ್ನೊಬ್ಬರು ಕರೆಯೋದು ಅಂದ್ಕೊಂಡಿದ್ದೆ" ಎಂದು ನಕ್ಕರು. ಮಳೆ ಕಳೆದ ಮೇಲೆ ಶುರುವಾಗುವ ಆ ಶಿಳ್ಳೆ ಬೇಸಿಗೆಯಲ್ಲಿ ನಿಂತುಹೋಗುತ್ತದೆ ಎಂಬುದು ಮಾತ್ರ ಅವರಿಗೆ ಮೊದಲೇ ಗೊತ್ತಿತ್ತು. ಕ್ಯಾಮೆರಾ ಹೊತ್ತು ಬರುವ ನನ್ನ ಶಿಷ್ಯರಲ್ಲಿ ಎಷ್ಟೋ ಮಂದಿಗೆ ಇಷ್ಟು ತಿಳಿದಿರುವುದಿಲ್ಲ.

ಮರಿ ಮಾಡುವ ಕಾಲವಲ್ಲದಿದ್ದರೂ ಇವು ಇಲ್ಲಿ ದಿನವಿಡೀ ಕೂಗುವುದೇಕೆ ಎಂದು ಕೇಳುವವರಿದ್ದಾರೆ. ಗ್ರೀನಿಶ್ ವಾರ್ಬ್ಲರ್ ಚಳಿಗಾಲದಲ್ಲಿ ಹುಳುಹುಪ್ಪಟೆ ಸಿಗುವ ಕೆಲವು ಮರಗಳನ್ನು ತನ್ನದೆಂದು ಕಾಯ್ದುಕೊಳ್ಳುತ್ತದೆ. ಆ ಕೂಗು ನೆರೆಯ ಹಕ್ಕಿಗೆ ಕೊಡುವ ಎಚ್ಚರಿಕೆ. ಹಕ್ಕಿಗಳಿಗೆ ತಮ್ಮವರನ್ನು ಗುರುತಿಸಲು ದನಿ ಎಷ್ಟು ಮುಖ್ಯವೆಂಬುದಕ್ಕೂ ಇದೇ ಪ್ರಭೇದ ಸಾಕ್ಷಿ. ಹಿಮಾಲಯದಿಂದ ಟಿಬೆಟ್ ಪ್ರಸ್ಥಭೂಮಿಯ ಎರಡೂ ಮಗ್ಗುಲಲ್ಲಿ ಉತ್ತರಕ್ಕೆ ಹಬ್ಬಿರುವ ಇದರ ಹಾಡು ಊರಿಂದೂರಿಗೆ ತುಸುತುಸುವೇ ಬದಲಾಗುತ್ತ ಹೋಗಿ, ಸೈಬೀರಿಯಾದಲ್ಲಿ ಎರಡು ಕವಲುಗಳು ಮತ್ತೆ ಎದುರಾದಾಗ ಒಂದರ ಗಂಡು ಇನ್ನೊಂದರ ಹಾಡಿಗೆ ಕಿವಿಗೊಡುವುದೇ ಇಲ್ಲವೆಂದು ವಿಜ್ಞಾನಿಗಳಾದ ಡ್ಯಾರೆನ್ ಇರ್ವಿನ್, ಸ್ಟಾಫನ್ ಬೆನ್ಶ್ ಮತ್ತು ಟ್ರೆವರ್ ಪ್ರೈಸ್ 2001ರಲ್ಲಿ ಪ್ರಕಟಿಸಿದರು. ನೋಟದಲ್ಲಿ ಆ ಎರಡರ ನಡುವಿನ ವ್ಯತ್ಯಾಸ ಅತ್ಯಲ್ಪ.

ಎರಡು ಎಚ್ಚರಿಕೆಗಳನ್ನೂ ಹೇಳಬೇಕು. ಕಾಕಸಸ್ ಕಡೆಯಿಂದ ಬಂದು ನಮ್ಮ ಘಟ್ಟಗಳಲ್ಲಿ ತಂಗುವ ಗ್ರೀನ್ ವಾರ್ಬ್ಲರ್ ಗ್ರೀನಿಶ್‌ಗೆ ತೀರ ಹತ್ತಿರದ್ದು. ಅದರ ಹೊಟ್ಟೆಯಲ್ಲಿ ಹಳದಿ ಛಾಯೆ ಹೆಚ್ಚು, ಕೂಗಿನಲ್ಲಿ ಸಾಮಾನ್ಯವಾಗಿ ಮೂರು ಉಲಿಗಳಿರುತ್ತವೆ. ಒಂದೇ ಕೂಗು ಕೇಳಿ ಇವೆರಡನ್ನು ಬೇರ್ಪಡಿಸಲು ಹೋಗಬೇಡಿ, ಹತ್ತಾರು ಕೂಗು ಕೇಳಿ. ಇನ್ನೊಂದು, ದನಿ ಮುಖ್ಯವೆಂದು ನಾನು ಹೇಳಿದೆನೆಂದು ಮೊಬೈಲಿನಲ್ಲಿ ಅದರ ಕೂಗನ್ನು ನುಡಿಸಿ ಹಕ್ಕಿಯನ್ನು ಕೆಳಗಿಳಿಸಬೇಡಿ. ಇಲ್ಲದ ಎದುರಾಳಿಯನ್ನು ಹುಡುಕುತ್ತ ಅದು ಮೇಯುವ ಹೊತ್ತನ್ನು ಕಳೆದುಕೊಳ್ಳುತ್ತದೆ. ಅರ್ಧ ನಿಮಿಷ ಧ್ವನಿಮುದ್ರಿಸಿಕೊಂಡು, ಸ್ಥಳ ಮತ್ತು ತಾರೀಖು ಬರೆದು ಕಳುಹಿಸಿದರೆ ನನಗೆ ಸಾಕು. ನಡುವೆ ನಾಯಿ ಬೊಗಳಿದರೂ ಅಡ್ಡಿಯಿಲ್ಲ.

ಹಕ್ಕಿ ಕೂಗಲೇ ಇಲ್ಲವೆಂದಾದರೆ "ಎಲೆ ಉಲಿಯಕ್ಕಿ, ಪ್ರಭೇದ ತಿಳಿಯದು" ಎಂದು ಬರೆದುಕೊಳ್ಳಿ. ನನ್ನ ಟಿಪ್ಪಣಿ ಪುಸ್ತಕದಲ್ಲಿ ಪ್ರತಿ ಚಳಿಗಾಲವೂ ಅಂಥ ಸಾಲುಗಳು ಹಲವಿರುತ್ತವೆ.