ಸ್ಪೀಡ್ ಅಂಕ 100 ಆದರೆ ಗೂಗಲ್‌ನಲ್ಲಿ ಮೊದಲು ಬರ್ತೀವಾ?

ಪ್ರಶ್ನೆ: ಮಂಡ್ಯದಲ್ಲಿ ನಮ್ಮದು ಬೆಲ್ಲದ ವ್ಯಾಪಾರ. ಆಲೆಮನೆಯಿಂದ ನೇರವಾಗಿ ತರಿಸಿ ಮಾರುತ್ತೇವೆ. ಆನ್‌ಲೈನ್ ಆರ್ಡರ್‌ಗೆ ಅಂತ ವೆಬ್‌ಸೈಟ್ ಮಾಡಿಸಿದ್ದೇವೆ. ಸೈಟಿನ ವೇಗ ಅಳೆಯುವ ಗೂಗಲ್‌ನ ಪೇಜ್‌ಸ್ಪೀಡ್ ಇನ್‌ಸೈಟ್ಸ್‌ನಲ್ಲಿ ಹಾಕಿ ನೋಡಿದರೆ ಮೊಬೈಲ್‌ಗೆ 38 ಅಂಕ ಬಂತು. ಅದನ್ನು 100 ಮಾಡಿಕೊಡ್ತೀವಿ, ಆಮೇಲೆ ಗೂಗಲ್‌ನಲ್ಲಿ ನೀವೇ ಫಸ್ಟು ಅಂತ ಒಬ್ಬರು ದುಡ್ಡು ಕೇಳುತ್ತಿದ್ದಾರೆ. ಕೊಡಬಹುದಾ?

ಉತ್ತರ: 100 ಅಂಕಕ್ಕಾಗಿ ಕೊಡಬೇಡಿ. ಸೈಟ್ ನಿಜವಾಗಿ ನಿಧಾನ ಇದ್ದರೆ ಸರಿ ಮಾಡಿಸಿ, ಅದು ಬೇರೆ ಮಾತು.

ವೇಗಕ್ಕೂ ರ‍್ಯಾಂಕಿಂಗ್‌ಗೂ ಸಂಬಂಧ ಇದ್ದೇ ಇದೆ. ಗೂಗಲ್ 2010ರಲ್ಲಿ ಕಂಪ್ಯೂಟರ್ ಹುಡುಕಾಟಕ್ಕೆ, 2018ರ ಜುಲೈನಲ್ಲಿ ಮೊಬೈಲ್ ಹುಡುಕಾಟಕ್ಕೆ ವೇಗವನ್ನೂ ಲೆಕ್ಕಕ್ಕೆ ತೆಗೆದುಕೊಂಡಿತು. ಆದರೆ ಮೊಬೈಲ್ ಬದಲಾವಣೆಯ ಹೊತ್ತಿಗೆ ಅವರೇ ಹೇಳಿದ್ದು ಏನೆಂದರೆ, ಪೆಟ್ಟು ಬೀಳುವುದು ತೀರಾ ನಿಧಾನದ ಪುಟಗಳಿಗೆ ಮಾತ್ರ. ಹುಡುಕಿದವರಿಗೆ ಬೇಕಾದ ವಿಷಯ ಚೆನ್ನಾಗಿದ್ದರೆ ನಿಧಾನದ ಪುಟವೂ ಮೇಲೆ ಬರಬಹುದು.

ಇನ್ನು ನಿಮ್ಮ 38. ಅದು ಒಂದು ಸಾಧಾರಣ ಫೋನ್, ನಿಧಾನದ ನೆಟ್‌ವರ್ಕ್ ಅಂತ ಊಹಿಸಿಕೊಂಡು ಯಂತ್ರ ಮಾಡಿದ ಪರೀಕ್ಷೆಯ ಅಂಕ. ರ‍್ಯಾಂಕಿಂಗ್‌ಗೆ ಗೂಗಲ್ ಅದನ್ನು ನೋಡುವುದಿಲ್ಲ. ನೋಡುವುದು ಕ್ರೋಮ್ ಬಳಸಿ ನಿಮ್ಮ ಸೈಟ್‌ಗೆ ಬಂದ ನಿಜವಾದ ಜನರ ಅನುಭವ, ಅದೂ ಹಿಂದಿನ 28 ದಿನಗಳದ್ದು. ಮೂರು ಅಳತೆಗಳಿವೆ. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು (ಎಲ್‌ಸಿಪಿ). ಬಟನ್ ಒತ್ತಿದರೆ 200 ಮಿಲಿಸೆಕೆಂಡಿನಲ್ಲಿ ಪರದೆ ಸ್ಪಂದಿಸಬೇಕು (ಐಎನ್‌ಪಿ). ಓದುತ್ತಿರುವಾಗ ಸಾಲುಗಳು ಮೇಲೆ ಕೆಳಗೆ ಜಿಗಿಯಬಾರದು. ಆ ಜಿಗಿತದ ಅಳತೆ (ಸಿಎಲ್‌ಎಸ್) 0.1 ದಾಟಬಾರದು. ಬಂದ ನಾಲ್ಕು ಸಲದಲ್ಲಿ ಮೂರು ಸಲ ಹೀಗಿದ್ದರೆ ಪಾಸ್. ಅಲ್ಲಿಂದಾಚೆ 1 ಸೆಕೆಂಡಿಗೆ ಇಳಿಸಿದ್ದಕ್ಕೆ ರ‍್ಯಾಂಕ್ ಜಿಗಿಯುತ್ತದೆ ಅಂತ ಕಾಯಬೇಡಿ.

ಆ ಪರೀಕ್ಷೆಯ ಪುಟದ ಮೇಲ್ಭಾಗದಲ್ಲಿ ಈ ನಿಜವಾದ ಅಳತೆ ಇರುತ್ತದೆ. ಸೈಟ್‌ಗೆ ಬರುವವರು ಕಡಿಮೆ ಇದ್ದರೆ ಅಲ್ಲಿ ಡೇಟಾ ಇಲ್ಲ ಅಂತ ಬರುತ್ತದೆ. ಸಣ್ಣ ಅಂಗಡಿಗಳ ಸೈಟ್‌ಗಳಲ್ಲಿ ಇದು ಮಾಮೂಲು.

ಹಾಗಾದರೆ ವೇಗ ಯಾಕೆ ಬೇಕು? ಗಿರಾಕಿಗೆ ಬೇಕು. ಸುಮ್ನೆ ಒಂದು ಲೆಕ್ಕ ಹಾಕೋಣ. ಫೋನಿನಲ್ಲಿ ತೆಗೆದ ಒಂದು ಫೋಟೋ 4 ಎಂಬಿ. ಅಂಥ ಐದನ್ನು ಹಾಗೇ ಮುಖಪುಟಕ್ಕೆ ಹಾಕಿದರೆ 20 ಎಂಬಿ. ಮದ್ದೂರು ದಾಟಿದ ರೈಲಿನಲ್ಲಿ ಕೂತವರಿಗೆ ಸೆಕೆಂಡಿಗೆ 10 ಮೆಗಾಬಿಟ್ ಸಿಗುತ್ತಿದೆ ಅಂದುಕೊಳ್ಳಿ. ಫೋಟೋಗಳಿಗೇ 16 ಸೆಕೆಂಡ್ ಬೇಕು! ಅಷ್ಟು ಹೊತ್ತು ಬೆಲ್ಲಕ್ಕಾಗಿ ಯಾರು ಕಾಯ್ತಾರೆ? ಅವೇ ಫೋಟೋಗಳನ್ನು ಪರದೆಗೆ ತಕ್ಕಷ್ಟು ಚಿಕ್ಕದು ಮಾಡಿ ವೆಬ್‌ಪಿ ಅನ್ನುವ ಹಗುರ ಫೋಟೋ ಮಾದರಿಗೆ ಬದಲಿಸಿದರೆ ಒಂದೊಂದೂ 150 ಕೆಬಿ ಒಳಗೆ ಬರಬಹುದು. ಕೆಳಗಿನ ಫೋಟೋಗಳು ಜಾರಿಸಿದಾಗ ಮಾತ್ರ ಬರುವಂತೆ ಮಾಡಿಸಿ. ಮೊದಲ ದೊಡ್ಡ ಫೋಟೋಗೆ ಮಾತ್ರ ಹಾಗೆ ಮಾಡಬಾರದು, ಎಲ್‌ಸಿಪಿ ಕೆಡುವುದೇ ಅಲ್ಲಿ.

ಕನ್ನಡ ಸೈಟ್‌ಗಳಿಗೆ ಇನ್ನೊಂದು ಕಾಟ ಇದೆ. ಚೆಂದಕ್ಕೆ ಅಂತ ಮೂರ್ನಾಲ್ಕು ಫಾಂಟ್ ತುಂಬಿರುತ್ತಾರೆ. ಫಾಂಟ್ ಬರುವ ತನಕ ಅಕ್ಷರವೇ ಕಾಣುವುದಿಲ್ಲ, ಇಲ್ಲವೇ ಬಂದಮೇಲೆ ಸಾಲುಗಳೆಲ್ಲ ಕುಣಿಯುತ್ತವೆ. ಒಂದು ಫಾಂಟ್, ಅದರಲ್ಲಿ ಮಾಮೂಲು ಮತ್ತು ಬೋಲ್ಡ್ ಎರಡೇ ದಪ್ಪ ಸಾಕು. ಫೋನಿನಲ್ಲೇ ಇರುವ ಕನ್ನಡ ಅಕ್ಷರ ಬಳಸಿದರೂ ನಷ್ಟವಿಲ್ಲ. ಬಂದ ತಕ್ಷಣ ಎದ್ದು ನಿಲ್ಲುವ ಚಾಟ್ ಪೆಟ್ಟಿಗೆ, ದಸರಾ ಆಫರ್ ಪಾಪ್‌ಅಪ್ ತೆಗೆಸಿ. ಗಿರಾಕಿಗಳೆಲ್ಲ ಇಲ್ಲಿಯವರೇ ಆಗಿದ್ದರೆ ಅಮೆರಿಕದ ಸರ್ವರ್ ಯಾಕೆ? ಮುಂಬೈಯದು ಸಿಗುತ್ತದೆ.

ಉಳಿದ ದುಡ್ಡನ್ನು ಬರವಣಿಗೆಗೆ ಹಾಕಿ. ಅಚ್ಚು ಬೆಲ್ಲ, ಪುಡಿ, ಜೋನಿ ಬೆಲ್ಲ ಒಂದೊಂದಕ್ಕೂ ಒಂದು ಪುಟ ಇದೆಯಾ? ಕಿಲೋಗೆ ಎಷ್ಟು, ಕೆಮಿಕಲ್ ಹಾಕ್ತಾರಾ, ಮೈಸೂರಿಗೆ ಎಷ್ಟು ದಿನಕ್ಕೆ ತಲುಪುತ್ತದೆ ಅನ್ನೋದು ಬರೆದಿದೆಯಾ? ಜನ ಹುಡುಕುವುದು ಇದನ್ನೇ ಅಲ್ವಾ. ಮ್ಯಾಪ್‌ನಲ್ಲಿ ಅಂಗಡಿ ಮೇಲೆ ಬರಬೇಕು ಅನ್ನುವುದಾದರೆ ದಾರಿ ಬೇರೆ. ಅಲ್ಲಿ ಗೂಗಲ್ ಮುಖ್ಯವಾಗಿ ನೋಡುವುದು ಹುಡುಕಿದ್ದಕ್ಕೆ ನೀವು ಹೊಂದುತ್ತೀರಾ, ಎಷ್ಟು ದೂರದಲ್ಲಿದ್ದೀರಿ, ಎಷ್ಟು ಹೆಸರು ಮಾಡಿದ್ದೀರಿ ಅನ್ನುವುದನ್ನು.

ಮೊದಲ ಸ್ಥಾನದ ಗ್ಯಾರಂಟಿ ಕೊಡುವವರನ್ನು ನಂಬಬೇಡಿ ಅಂತ ಗೂಗಲ್ಲೇ ಎಚ್ಚರಿಸಿದೆ. ನಿಮ್ಮವರಿಗೆ ಹೀಗೆ ಕೇಳಿ: ಫೋಟೋ, ಫಾಂಟ್, ಪಾಪ್‌ಅಪ್ ಈ ಮೂರನ್ನು ಮಾತ್ರ ಸರಿ ಮಾಡಲು ಎಷ್ಟಾಗುತ್ತೆ? ಮಾಡಿಸಿದ ಮಾರನೇ ದಿನವೇ ಸರ್ಚ್ ಕನ್ಸೋಲ್ (ಗೂಗಲ್ ಸೈಟ್ ಮಾಲೀಕರಿಗೆ ಈ ಅಳತೆಗಳನ್ನು ತೋರಿಸುವ ಜಾಗ) ತೆರೆದು ಏನೂ ಬದಲಾಗಿಲ್ಲ ಅಂತ ಜಗಳ ತೆಗೆಯಬೇಡಿ. 28 ದಿನಗಳ ಲೆಕ್ಕ ಆದ್ದರಿಂದ ಹಳೆಯ ನಿಧಾನದ ದಿನಗಳು ಪೂರ್ತಿ ಉದುರಿಹೋಗಲು ಒಂದು ತಿಂಗಳು ಹಿಡಿಯುತ್ತದೆ.