ಎಕರೆಗೆ ಎಷ್ಟು ಕಿಲೋ ಉಪ್ಪು ಬೇಕು?

ಓದುಗರ ಪ್ರಶ್ನೆ: ನಮ್ಮ ಅಡಿಕೆ ತೋಟದಲ್ಲಿ ಎರಡು ಮಳೆಗಾಲದಿಂದ ದೊಡ್ಡ ಶಂಖದ ಹುಳುಗಳ ಕಾಟ. ಅಡಿಕೆ ಸಸಿ, ಬಾಳೆಕಂದು, ಮೆಣಸಿನ ಬಳ್ಳಿಯ ಚಿಗುರು ಯಾವುದನ್ನೂ ಬಿಡುತ್ತಿಲ್ಲ. ಕಳೆದ ವರ್ಷ ಉಪ್ಪು ಎರಚಿ ರಾಶಿಗಟ್ಟಲೆ ಕೊಂದೆವು, ಈ ವರ್ಷ ಇನ್ನೂ ಹೆಚ್ಚಾಗಿವೆ. ಊರಿನವರೆಲ್ಲ ಸೇರಿ ಒಂದು ಲೋಡು ಉಪ್ಪು ತರಿಸುವ ಯೋಚನೆಯಲ್ಲಿದ್ದೇವೆ. ಎಕರೆಗೆ ಎಷ್ಟು ಕಿಲೋ ಬೇಕಾದೀತು?

ಉತ್ತರ: ಸೊನ್ನೆ ಕಿಲೋ.

ಮುಂಗಾರಿಗೆ ಮೊದಲಿನ ಅಡ್ಡಮಳೆ ಬಿದ್ದು ವಾರ ಕಳೆಯುವುದರೊಳಗೆ ಈ ಪ್ರಶ್ನೆ ಪ್ರತಿ ವರ್ಷವೂ ಬರುತ್ತದೆ. ನಾನೂ ಪ್ರತಿ ವರ್ಷ ಇದೇ ಉತ್ತರ ಬರೆಯುತ್ತೇನೆ, ಅಂಗಡಿಯ ಉಪ್ಪಿನ ಮೂಟೆಗಳು ಮಾತ್ರ ಖಾಲಿಯಾಗುತ್ತಲೇ ಇರುತ್ತವೆ. ಆದ್ದರಿಂದ ಈ ಸಲ ಉಪ್ಪಿನ ವಿಷಯವನ್ನು ಬೇರುಸಹಿತ ಕಿತ್ತು ನೋಡೋಣ. ನಿಮ್ಮ ಪ್ರಶ್ನೆಯ ಒಳಗೇ ಉತ್ತರವಿದೆ ಎಂಬುದನ್ನು ನೀವು ಗಮನಿಸಿಲ್ಲ: ಉಪ್ಪು ಎರಚಿದಿರಿ, ಕೊಂದಿರಿ, ಮರುವರ್ಷ ಹೆಚ್ಚಾದವು.

ಈ ನಂಬಿಕೆಯನ್ನು ನಮಗೆ ಕಲಿಸಿದ್ದು ಇಂಬಳ. ಕಾಲಿಗೆ ಹತ್ತಿದ ಇಂಬಳದ ಮೇಲೆ ಚಿಟಿಕೆ ಉಪ್ಪು ಬಿದ್ದರೆ ಅದು ಮುದುಡಿ ಉದುರುವುದನ್ನು ಮಲೆನಾಡಿನ ಮಕ್ಕಳು ಅಕ್ಷರ ಕಲಿಯುವ ಮೊದಲೇ ನೋಡಿರುತ್ತಾರೆ. ಮೈಯ ನೀರನ್ನು ಉಪ್ಪು ಹೊರಗೆಳೆಯುತ್ತದೆ ಎಂಬುದು ನಿಜ, ನೀವು ಹೇಳುವ ಶಂಖದ ಹುಳುವಿನ, ಅಂದರೆ ಆಫ್ರಿಕದ ದೈತ್ಯ ಬಸವನಹುಳುವಿನ, ಮೆತ್ತನೆಯ ಮೈಗೂ ಅದು ಅನ್ವಯಿಸುತ್ತದೆ. ಆದರೆ ಇಂಬಳಕ್ಕೆ ಚಿಪ್ಪಿಲ್ಲ. ಬೆಳೆದ ಶಂಖದ ಹುಳು ಉಪ್ಪು ತಾಗಿದ ಕೂಡಲೇ ಚಿಪ್ಪಿನೊಳಗೆ ಸೇರಿಕೊಂಡು ಬುರುಬುರು ನೊರೆ ಬಿಡುತ್ತದೆ. ಆ ನೊರೆಯ ಜೊತೆಗೆ ಉಪ್ಪಿನ ಒಂದಷ್ಟು ಪಾಲು ಹೊರಗೆ ಹೋಗುತ್ತದೆ. ನೊರೆ ಕಂಡವರು ಸತ್ತಿತೆಂದು ಮುಂದಿನದಕ್ಕೆ ಹೋಗುತ್ತಾರೆ, ಅಷ್ಟರಲ್ಲಿ ಒಂದು ಮಳೆ ಬಂದರೆ ಸತ್ತ ಲೆಕ್ಕಕ್ಕೆ ಸೇರಿದ ಎಷ್ಟೋ ಹುಳುಗಳು ಎದ್ದು ನಡೆಯುತ್ತವೆ. ಅದನ್ನು ನಿಜವಾಗಿ ಕೊಲ್ಲಬೇಕಾದರೆ ಚಿಟಿಕೆ ಸಾಲದು, ಹಿಡಿ ಬೇಕು. ಹಿಡಿಗೆ 50 ಗ್ರಾಂ ಎಂದರೂ, ರಾತ್ರಿಗೆ 200 ಹುಳುಗಳಿಗೆ 10 ಕಿಲೋ, ವಾರಕ್ಕೆ 70 ಕಿಲೋ ಉಪ್ಪು ನಿಮ್ಮ ತೋಟದ ಮಣ್ಣಿಗೆ ಸೇರಿತು.

ಮಣ್ಣಿಗೆ ಸೇರಿದ ಉಪ್ಪು ಏನು ಮಾಡುತ್ತದೆ? ಅದರಲ್ಲಿರುವ ಸೋಡಿಯಂ ಮಣ್ಣಿನ ಕಣಗಳಿಗೆ ಅಂಟಿಕೊಂಡಿರುವ ಸುಣ್ಣದಂಶವನ್ನೂ ಪೊಟ್ಯಾಷನ್ನೂ ಸ್ಥಾನಪಲ್ಲಟಗೊಳಿಸುತ್ತದೆ, ಜೇಡಿಮಣ್ಣಿನ ಹರಳುಗಟ್ಟಿದ ರಚನೆ ಕುಸಿಯುತ್ತದೆ, ಎರೆಹುಳು ಆ ಜಾಗ ಬಿಡುತ್ತದೆ, ಎಳೆಯ ಬೇರುಗಳು ನೀರಿನ ನಡುವೆಯೇ ಬಾಯಾರುತ್ತವೆ. ಒಂದು ಕಡೆಯಿಂದ ದುಡ್ಡು ಕೊಟ್ಟು ಪೊಟ್ಯಾಷ್ ಹಾಕುವುದು, ಇನ್ನೊಂದು ಕಡೆಯಿಂದ ದುಡ್ಡು ಕೊಟ್ಟೇ ಅದನ್ನು ತೊಳೆಯುವುದು. ಇದನ್ನು ನಾನು ಪುಸ್ತಕದಿಂದ ಮಾತ್ರ ಹೇಳುತ್ತಿಲ್ಲ. ಹಲವು ವರ್ಷಗಳ ಹಿಂದೆ ನನ್ನದೇ ಮೆಣಸಿನ ನರ್ಸರಿಯ ಸುತ್ತ, ಇರುವೆಗೆ ಪುಡಿ ಹಾಕಿದಂತೆ, ಅಚ್ಚುಕಟ್ಟಾದ ಉಪ್ಪಿನ ಗೆರೆ ಎಳೆದು ಮಲಗಿದ್ದೆ. ರಾತ್ರಿ ಮಳೆ ಬಂತು. ಬೆಳಿಗ್ಗೆ ಗೆರೆ ಇರಲಿಲ್ಲ, ಹುಳುಗಳು ಪಾಲಿಥೀನ್ ಚೀಲಗಳ ಅಂಚಿನ ಮೇಲೆ ಸಾಲಾಗಿ ಕುಳಿತಿದ್ದವು. ಅಂಚಿನ ಎರಡು ಸಾಲಿನ ಸಸಿಗಳ ಎಲೆ ಮುಂದಿನ ಕೆಲವು ವಾರಗಳಲ್ಲಿ ತುದಿಯಿಂದ ಸುಟ್ಟುಕೊಂಡು ಬಂತು. ಹುಳು ತಿಂದದ್ದಕ್ಕಿಂತ ನಾನು ಕೊಂದದ್ದು ಹೆಚ್ಚು.

ಇಷ್ಟು ಹೇಳಿದ ಮೇಲೂ ಎದ್ದು ನಿಲ್ಲುವ ಆಕ್ಷೇಪಣೆ ಒಂದಿದೆ: "ನಮ್ಮ ಅಜ್ಜ ತೆಂಗಿನ ಗುಂಡಿಗೆ ಉಪ್ಪು ಹಾಕುತ್ತಿದ್ದರಲ್ಲ, ಮರ ಸತ್ತಿತೇ?" ಸಾಯಲಿಲ್ಲ, ಏಕೆಂದರೆ ಅದು ತೆಂಗು. ಕಡಲತೀರದಲ್ಲಿ ಬೆಳೆದು ಬಂದ ಆ ಮರಕ್ಕೆ ಉಪ್ಪಿನಲ್ಲಿರುವ ಕ್ಲೋರೈಡ್ ಬೇಕಾದ ಆಹಾರವೇ ಹೌದು. ಮೆಣಸು, ಏಲಕ್ಕಿ, ಕಾಫಿ, ತರಕಾರಿ ಇವು ಯಾವುವೂ ತೆಂಗಿನ ನೆಂಟರಲ್ಲ. ಅಡಿಕೆ ನೋಡಲು ನೆಂಟನಂತಿದ್ದರೂ ಉಪ್ಪಿನ ವಿಷಯದಲ್ಲಿ ಅಲ್ಲ. ಇನ್ನು "ನಮ್ಮ ಮಳೆಗೆ ಉಪ್ಪೆಲ್ಲ ತೊಳೆದು ಹೋಗುತ್ತದೆ" ಎನ್ನುವವರಿಗೆ ನನ್ನ ಮರುಪ್ರಶ್ನೆ: ಎಲ್ಲಿಗೆ? ಬಸಿಗಾಲುವೆಗೆ, ಅಲ್ಲಿಂದ ಹಳ್ಳಕ್ಕೆ, ಅದೇ ತಿಂಗಳಲ್ಲಿ ಮೊಟ್ಟೆಯಿಟ್ಟ ಕಪ್ಪೆಗಳ ಗೊದಮೊಟ್ಟೆಗಳಿರುವ ಹೊಂಡಕ್ಕೆ.

ಇವೆಲ್ಲಕ್ಕಿಂತ ದೊಡ್ಡ ತೊಡಕು ಮೊಟ್ಟೆಯದು. ಈ ಜೀವಿಯಲ್ಲಿ ಗಂಡು ಬೇರೆ, ಹೆಣ್ಣು ಬೇರೆ ಎಂಬುದಿಲ್ಲ. ಪ್ರತಿ ಹುಳುವಿಗೂ ಎರಡೂ ಅಂಗಗಳಿವೆ, ಪ್ರತಿಯೊಂದೂ ಮೊಟ್ಟೆಯಿಡಬಲ್ಲದು. ಒಂದು ಕಂತಿಗೆ 100ರಿಂದ 400ರವರೆಗೆ, ವರ್ಷಕ್ಕೆ ಹಲವು ಕಂತು. ಒಮ್ಮೆ ಕೂಡಿದ ಹುಳು ಪಡೆದ ವೀರ್ಯವನ್ನು ತಿಂಗಳುಗಟ್ಟಲೆ ಒಳಗೇ ಕಾಪಿಟ್ಟುಕೊಂಡು, ಜೊತೆಯೇ ಇಲ್ಲದೆ ಮತ್ತೆ ಮತ್ತೆ ಮೊಟ್ಟೆಯಿಡುತ್ತದೆ. ಸಬ್ಬಕ್ಕಿಗಿಂತ ತುಸು ದೊಡ್ಡದಾದ, ಹಳದಿ ಛಾಯೆಯ ಆ ಮೊಟ್ಟೆಗಳು ದರಕಿನ (ಉದುರಿದ ಒಣ ಎಲೆಗಳ) ಅಡಿಯ ಸಡಿಲ ಮಣ್ಣಿನಲ್ಲಿರುತ್ತವೆ. ನೀವು ಮೇಲೆ ಎರಚಿದ ಉಪ್ಪಿಗೆ ಅವುಗಳ ವಿಳಾಸ ಗೊತ್ತಿಲ್ಲ.

ಹಾಗಾದರೆ ಉಪ್ಪಿಗೆ ಎಲ್ಲಿಯೂ ಜಾಗವಿಲ್ಲವೇ ಎಂದರೆ, ಇದೆ: ಬಕೆಟ್ಟಿನೊಳಗೆ. ಕೈಯಿಂದ ಎತ್ತಿದ ಹುಳುಗಳನ್ನು ಗಟ್ಟಿಯಾದ ಉಪ್ಪುನೀರಿಗೆ ಹಾಕಿದರೆ ತಪ್ಪಿಸಿಕೊಳ್ಳಲು ದಾರಿಯಿಲ್ಲ. ಸತ್ತವನ್ನು ಸೋಸಿ ತೆಗೆದು, ಎರಡಡಿ ಗುಂಡಿಯಲ್ಲಿ ಸುಣ್ಣ ಹಾಕಿ ಮುಚ್ಚಬೇಕು. ಆ ನೀರನ್ನು ಎರಡು ಮೂರು ರಾತ್ರಿ ಬಳಸಬಹುದು, ಕೊನೆಗೆ ತೋಟಕ್ಕೂ ಹಳ್ಳಕ್ಕೂ ದೂರದಲ್ಲಿ ಚೆಲ್ಲಬೇಕು. ಇದಕ್ಕೆ ಇಡೀ ಊರಿಗೆ ಒಂದೆರಡು ಮೂಟೆ ಸಾಕು, ಲೋಡು ಬೇಡ.

ಈಗ ಊರಿನವರೆಲ್ಲ ಸೇರುವ ವಿಷಯ. ಈ ನಿಮ್ಮ ಯೋಚನೆಯಲ್ಲಿ ಸರಿಯಾದ ಭಾಗ ಅದೊಂದೇ, ಮತ್ತು ಅದೇ ಮುಖ್ಯವಾದದ್ದು. ಬೇಸಿಗೆಯಲ್ಲಿ ಈ ಹುಳುಗಳು ಕಲ್ಲಿನ ಸಂದು, ಸೋಗೆಯ ರಾಶಿ, ಮಣ್ಣಿನೊಳಗೆ ಚಿಪ್ಪಿನ ಬಾಯಿಗೆ ಬಿಳಿಯ ತೆಳು ಪೊರೆ ಕಟ್ಟಿಕೊಂಡು ನಿದ್ರಿಸುತ್ತವೆ, ಮೊದಲ ಮಳೆಗೆ ಹೊಟ್ಟೆ ಹಸಿದು ಹೊರಬರುತ್ತವೆ. ಆಗ ಬರುವವು ಬಹುಪಾಲು ಬೆಳೆದವು, ಇನ್ನೂ ಮೊಟ್ಟೆಯಿಟ್ಟಿರುವುದಿಲ್ಲ. ಆ ಎರಡು ವಾರಗಳಲ್ಲಿ ಎತ್ತಿದ ಒಂದು ಹುಳು ಜುಲೈಯಲ್ಲಿ ಎತ್ತಬೇಕಾಗುವ ನೂರಾರಕ್ಕೆ ಸಮ. ನಮ್ಮವರು ಮಾತ್ರ ಸಸಿ ಬೋಳಾದ ಮೇಲೆಯೇ ಟಾರ್ಚು ಹುಡುಕುವುದು! ಸಂಜೆ ಏಳರಿಂದ ಹತ್ತರವರೆಗೆ, ಮಳೆ ನಿಂತ ರಾತ್ರಿಗಳಲ್ಲಿ, ಎಲ್ಲ ತೋಟಗಳಲ್ಲೂ ಒಂದೇ ದಿನ ಇಳಿಯಬೇಕು. ನಡುವಿನ ದಿನಗಳಲ್ಲಿ ಒದ್ದೆ ಗೋಣಿಚೀಲದ ಅಡಿಯಲ್ಲಿ ಪಪ್ಪಾಯಿ ಎಲೆಯನ್ನೋ ಕೋಸಿನ ಎಲೆಯನ್ನೋ ಇಟ್ಟು, ಬೆಳಕು ಹರಿಯುವ ಹೊತ್ತಿಗೆ ಚೀಲ ಎತ್ತಿದರೆ ಅಡಿಯಲ್ಲಿ ಗುಂಪಾಗಿ ಸಿಗುತ್ತವೆ. ಕೊಡಗಿನ ಶನಿವಾರಸಂತೆಯ ಸುತ್ತಿನ ಕಾಫಿ ತೋಟಗಳಲ್ಲಿ ಹಾವಳಿ ಮಿತಿಮೀರಿದಾಗಲೂ ಎಲ್ಲಕ್ಕಿಂತ ಮೊದಲು ಬಂದ ಸಲಹೆ ಇದೇ: ಒಟ್ಟಾಗಿ ಆರಿಸಿ, ನಾಶಮಾಡಿ.

ಸಾಮೂಹಿಕ ಆರಿಸುವಿಕೆ ಸೋಲುವುದು ಸಾಮಾನ್ಯವಾಗಿ ಒಂದೇ ಕಡೆ, ಬೆಂಗಳೂರಿನಲ್ಲಿರುವ ಮಾಲೀಕರ ಬೀಗ ಹಾಕಿದ ಗೇಟಿನಲ್ಲಿ. ಆ ಒಂದು ತೋಟ ಇಡೀ ಊರಿನ ಹುಳುಗಳ ತೊಟ್ಟಿಲು. ಮೊದಲ ದೂರವಾಣಿ ಕರೆ ಅವರಿಗೇ ಹೋಗಲಿ. ಎರಡನೆಯ ಎಚ್ಚರ ನರ್ಸರಿಯ ಸಸಿ, ಮರಳು, ಗೊಬ್ಬರದ ಲೋಡುಗಳ ಬಗ್ಗೆ. ನಮ್ಮ ಊರಿಗೆ ಈ ಹುಳು ನಡೆದು ಬಂದದ್ದಲ್ಲ, ಹೆಸರು ಬೇಡದ ಒಂದು ನರ್ಸರಿಯ ಚೀಲದ ಮಣ್ಣಿನಲ್ಲಿ ಕುಳಿತು ಬಂದದ್ದು. ಮೂರನೆಯದು ಕೈಗವಸು. ಇಲಿಯ ಹಿಕ್ಕೆಯಿಂದ ಈ ಹುಳುವಿಗೆ ಸೇರುವ ಒಂದು ಪರೋಪಜೀವಿ ಮನುಷ್ಯನ ಹೊಟ್ಟೆಗೆ ಹೋದರೆ ಮಿದುಳಿನ ಪೊರೆಯ ಉರಿಯೂತಕ್ಕೆ ಕಾರಣವಾಗುತ್ತದೆ, ಆದ್ದರಿಂದ ಮಕ್ಕಳನ್ನು ಬರಿಗೈಯಲ್ಲಿ ಆರಿಸಲು ಕಳುಹಿಸುವುದು ತಮಾಷೆಯಲ್ಲ.

ತಾಳ್ಮೆ ಎಷ್ಟು ಬೇಕು ಎಂಬುದಕ್ಕೆ ಅಮೆರಿಕದ ಫ್ಲಾರಿಡಾದ ಲೆಕ್ಕ ಸಾಕು. 1966ರಲ್ಲಿ ಹುಡುಗನೊಬ್ಬ ಹವಾಯಿಯಿಂದ ಮೂರು ಹುಳು ತಂದ, ಅಜ್ಜಿ ಅವನ್ನು ತೋಟಕ್ಕೆ ಬಿಟ್ಟಳು. 1975ರಲ್ಲಿ ನಿರ್ಮೂಲವಾಯಿತೆಂದು ಸಾರುವ ಹೊತ್ತಿಗೆ ಎತ್ತಿದ್ದು 18,000ಕ್ಕೂ ಹೆಚ್ಚು. 2011ರಲ್ಲಿ ಮಯಾಮಿಯಲ್ಲಿ ಮತ್ತೆ ಕಂಡಾಗ ಮನೆಮನೆಯ ಹಿತ್ತಲು ತಡಕಿ, ವಾಸನೆ ಹಿಡಿಯುವ ನಾಯಿಗಳನ್ನೂ ಬಳಸಿ, ಸುಮಾರು 1,68,000 ಹುಳುಗಳನ್ನು ತೆಗೆದ ಮೇಲೆ 2021ರಲ್ಲಿ ಮುಗಿಯಿತೆಂದರು. ಮರುವರ್ಷವೇ ಅದೇ ರಾಜ್ಯದ ಇನ್ನೊಂದು ಜಿಲ್ಲೆಯಲ್ಲಿ ಕಾಣಿಸಿಕೊಂಡಿತು. ನಮ್ಮ ದೇಶದಲ್ಲಂತೂ 1847ರಲ್ಲಿ ಬೆನ್ಸನ್ ಎಂಬ ಆಂಗ್ಲ ಚಿಪ್ಪುತಜ್ಞ ಮಾರಿಷಸ್ಸಿನಿಂದ ತಂದು ಕೊಟ್ಟ ಹುಳುಗಳು ಕಲ್ಕತ್ತದ ಚೌರಂಗಿಯ ತೋಟವೊಂದನ್ನು ಸೇರಿದಾಗಿನಿಂದ ಇದು ಇದೆ. ನಿರ್ಮೂಲದ ಮಾತು ಬಿಡಿ, ಊರಿನ ಮಟ್ಟದಲ್ಲಿ ಮೂರು ನಾಲ್ಕು ಮಳೆಗಾಲ ಬಿಡದೆ ಆರಿಸಿದರೆ ಸಸಿ ಉಳಿಯುವ ಹಂತಕ್ಕೆ ತರಬಹುದು.

ಇನ್ನು ನೀವು ಕೇಳದ ಒಂದು ಪ್ರಶ್ನೆ, ಆದರೆ ಉಪ್ಪು ಬೇಡವೆಂದ ಮರುಗಳಿಗೆಯೇ ಯಾರಾದರೂ ಕೇಳಿಯೇ ಕೇಳುತ್ತಾರೆ: ಈ ಹುಳುವನ್ನು ತಿನ್ನುವ ಇನ್ನೊಂದು ಪ್ರಾಣಿಯನ್ನು ಎಲ್ಲಿಂದಲಾದರೂ ತಂದು ಬಿಡಬಾರದೇ? ಬಿಟ್ಟು ನೋಡಿದ್ದಾರೆ. ಹುಳುವನ್ನೇ ತಿನ್ನುವ ತೋಳಹುಳು ಎನ್ನಬಹುದಾದ ಒಂದು ಅಮೆರಿಕನ್ ಬಸವನಹುಳುವನ್ನು 1955ರಲ್ಲಿ ಹವಾಯಿಗೂ, 1977ರಲ್ಲಿ ಪೆಸಿಫಿಕ್ ಸಾಗರದ ಮೊರೆಯಾ ದ್ವೀಪಕ್ಕೂ ತಂದು ಬಿಟ್ಟರು. ಅದು ಆಫ್ರಿಕದ ದೈತ್ಯನನ್ನು ಬಿಟ್ಟು, ಬೆರಳಿನ ಉಗುರಿನಷ್ಟೇ ಇದ್ದ, ಮೊರೆಯಾದ ಮರಗಳ ಮೇಲೆ ಬದುಕುವ ಪಾರ್ಟುಲಾ ಎಂಬ ಬಸವನಹುಳುಗಳನ್ನು ಹುಡುಕಿ ಹುಡುಕಿ ತಿಂದಿತು. ಹತ್ತು ವರ್ಷದೊಳಗೆ ಮೊರೆಯಾದ ಕಾಡಿನಲ್ಲಿ ಅವು ಇಲ್ಲವಾದವು, ಮೃಗಾಲಯಗಳ ಪ್ಲಾಸ್ಟಿಕ್ ಡಬ್ಬಿಗಳಲ್ಲಿ ಉಳಿದ ಕೆಲವನ್ನು ಈಚಿನ ವರ್ಷಗಳಲ್ಲಷ್ಟೇ ಮರಳಿ ಕಾಡಿಗೆ ಬಿಡುತ್ತಿದ್ದಾರೆ.

ನಮ್ಮಲ್ಲಿ ತಿನ್ನುವವರು ಈಗಾಗಲೇ ಇದ್ದಾರೆ. ಕೆಂಬೂತ ಬಸವನಹುಳುಗಳನ್ನು ಕುಕ್ಕಿ ತಿನ್ನುತ್ತದೆ. ಮೇ ತಿಂಗಳ ರಾತ್ರಿ ನೀವು ಬೆರಗಾಗಿ ನೋಡುವ ಮಿಂಚುಹುಳುಗಳ ಮರಿಗಳು ದರಕಿನ ಅಡಿಯಲ್ಲಿ ಸಣ್ಣ ಹುಳುಗಳನ್ನೇ ಬೇಟೆಯಾಡಿ ಬೆಳೆಯುತ್ತವೆ. ಇವು ದೈತ್ಯನ ಹಾವಳಿಯನ್ನು ನಿಲ್ಲಿಸಲಾರವು, ಆದರೆ ತೋಟದ ತುಂಬ ಮೆಟಾಲ್ಡಿಹೈಡ್ ಎಂಬ ಬಸವನಹುಳು ಕೊಲ್ಲುವ ವಿಷದ ಗುಳಿಗೆ ಚೆಲ್ಲಿದರೆ ಅವುಗಳ ಊಟವೇ ಹೋಗುತ್ತದೆ, ಏಕೆಂದರೆ ಆ ಗುಳಿಗೆಗೆ ನಾಡಹುಳು ಯಾವುದು, ಪರದೇಶಿ ಯಾವುದು ಎಂಬ ಭೇದವಿಲ್ಲ. ಮನೆಯ ನಾಯಿ ತಿಂದರೆ ಅದರ ಜೀವಕ್ಕೂ ಅಪಾಯ.

ಭೇದ ಮಾಡಬೇಕಾದವರು ನೀವು. ಆಫ್ರಿಕದ್ದು ಉದ್ದನೆಯ, ಚೂಪು ತುದಿಯ, ಕಂದು ಪಟ್ಟೆಗಳ ಚಿಪ್ಪು. ಚಿಪ್ಪು ಚಪ್ಪಟೆಯಾಗಿ ಎಡಕ್ಕೆ ಸುತ್ತಿಕೊಂಡಿದ್ದರೆ ಅದು ನಮ್ಮದು. ಚಿಪ್ಪಿನ ಬಾಯಿಗೆ ಗಟ್ಟಿ ಮುಚ್ಚಳವಿದ್ದರೆ ಅದೂ ನಮ್ಮದು. ಇನ್ನೊಂದಿದೆ, ಇಂಡ್ರೆಲ್ಲಾ, ಜಗತ್ತಿನಲ್ಲಿ ಪಶ್ಚಿಮ ಘಟ್ಟ ಬಿಟ್ಟು ಬೇರೆಲ್ಲೂ ಇಲ್ಲ. ಕಳೆದ ಮಳೆಗಾಲದ ಆರಿಸುವ ರಾತ್ರಿ ನಮ್ಮೂರಿನ ಹುಡುಗನೊಬ್ಬ ಅದನ್ನು ಬಕೆಟ್ಟಿಗೆ ಹಾಕುವುದರಲ್ಲಿದ್ದ. ಟಾರ್ಚಿನ ಬೆಳಕಿನಲ್ಲಿ ಅದರ ಮೈ ಕುಂಕುಮದ ಬಣ್ಣಕ್ಕಿತ್ತು, ಚಿಪ್ಪು ತೆಳುವಾಗಿ, ತಮ್ಮನ ಅಂಗಿ ತೊಟ್ಟ ಅಣ್ಣನಂತೆ ಮೈಗೆ ಸಾಲದೆ ಹಿಂದೆ ಕುಳಿತಿತ್ತು. ಪಾಚಿಗಟ್ಟಿದ ಹಲಸಿನ ಬೊಡ್ಡೆಯ ಮೇಲೆ ಇಟ್ಟೆವು. ನಾವು ಮುಂದಿನ ಸಾಲು ಮುಗಿಸಿ ಬರುವಷ್ಟರಲ್ಲಿ ಅದು ಗೇಣುದ್ದ ಮೇಲೇರಿತ್ತು.